ಯಾರಿಗೆ ತಿಳಿಸಬೇಕು

ಮಂಗಳವಾರ, ಹದಿನಾಲ್ಕು.

ಪಕ್ಕದ ಮಂಚದ ಕನ್ನಡಕದವಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಪೊಲೀಸ್ ತರಬೇತಿಯಲ್ಲಿ ಇವತ್ತು ಬಂಧನದ ಪಾಠ. ಅವಳು ಪೊಲೀಸು, ನಾನು ಕಳ್ಳಿ. ಬಂಧಿತರಿಗೆ ಕಾರಣ ಹೇಳಬೇಕು, ಅವರು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು.

"ಯಾರಿಗೆ ತಿಳಿಸ್ಬೇಕು?" ಅಂದಳು.

ಬಾಯಿಗೆ ಬಂದದ್ದು ಅಪ್ಪನ ನಂಬರು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಮಾತು ಬಿಟ್ಟಿರುವ ಅಪ್ಪ. ಫೋನ್ ಮಾಡಿದ ಹಾಗೆ ನಟಿಸಿದ್ದರೆ ಸಾಕಿತ್ತು. ಆ ಪುಣ್ಯಾತ್ಗಿತ್ತಿ ನಿಜವಾಗಿಯೂ ಮಾಡಿ, "ನಿಮ್ಮ ಮಗಳನ್ನ ಕಳ್ಳತನದ ಕೇಸಲ್ಲಿ ಹಿಡಿದಿದ್ದೀವಿ, ತರಬೇತಿ ಶಾಲೆಯಲ್ಲೇ ಇಟ್ಟಿದ್ದೀವಿ" ಎಂದು ಹೇಳಿ ಫೋನ್ ಇಟ್ಟುಬಿಟ್ಟಳು.

ಮಧ್ಯಾಹ್ನ ಗೇಟಿನಲ್ಲಿ ಅಪ್ಪ. ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದರು, ಅಳತೆ ಟೇಪು ಕೊರಳಲ್ಲೇ ಇತ್ತು. ಕೈಚೀಲದಲ್ಲಿ ನನ್ನ ಹಳೆಯ ಸ್ವೆಟರು, ಚಿಕ್ಕಂದಿನ ಉಬ್ಬಸದ ಪಂಪು. ಕಾವಲಿನವರಿಗೆ ಹೇಳುತ್ತಿದ್ದರು: "ಏನ್ ಮಾಡಿದ್ದಾಳೆ ಅಂತ ಆಮೇಲೆ ಕೇಳ್ತೀನಿ ಸಾರ್. ಮೊದಲು ಅವಳಿಗೆ ಊಟ ಕೊಟ್ಟಿದ್ದೀರಾ, ಹೇಳಿ."

ಸಾಬೀತಾಗುವ ತನಕ ಯಾರೂ ಅಪರಾಧಿಯಲ್ಲ ಎಂದು ನಾವು ವಾರವಿಡೀ ಉರು ಹೊಡೆದಿದ್ದೇವೆ. ಅಪ್ಪ ಅದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ.

ಇದು ಬರೀ ಪಾಠ ಎಂದು ತಿಳಿದ ಮೇಲೆ ಬೆಂಚಿನ ಮೇಲೆ ಕುಸಿದು ಕೂತರು. ಬೈಗುಳಕ್ಕೆ ತಯಾರಾಗಿ ಎದುರು ನಿಂತೆ. ಅವರು ನನ್ನ ಖಾಕಿಯ ತೋಳು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕಂಕುಳಲ್ಲಿ ಬಿಗಿ ಹಿಡಿಯುತ್ತೆ ಇದು. ಯಾವನು ಹೊಲಿದದ್ದು? ಭಾನುವಾರ ಮನೆಗೆ ತಗೊಂಡು ಬಾ, ಬಿಚ್ಚಿ ಹೊಲೀತೀನಿ."

ಕನ್ನಡಕದವಳು ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಬೆಳಿಗ್ಗೆ ಎದ್ದ ತಕ್ಷಣ ಸರಿಯಾಗಿ ಬೈಯಬೇಕು. ಈಗ ಅವಳ ಜಾರಿದ ಹೊದಿಕೆ ಸರಿಮಾಡಿ ಬಂದು ಕೂತೆ. ಕಣ್ಣು ಎಳೆಯುತ್ತಿದೆ. ಮನೆಗೆ ಬಾ ಅಂದರು ಅಪ್ಪ, ಖಾಕಿ ತಗೊಂಡು...