ತಂಗಳು ಶಾವಿಗೆ

28 ಮಾರ್ಚ್ 2004, ಭಾನುವಾರ

ಬೆಳಿಗ್ಗೆಯಿಂದ ಟೆರೇಸಿನ ಮೇಲೆ. ಶಾವಿಗೆಗೆ ಇವತ್ತು ಎರಡನೇ ಬಿಸಿಲು. ಕೋಲಿಗೆ ನೇತುಹಾಕಿದ ಎಳೆಗಳು ಅರ್ಧ ಒಣಗಿವೆ. ಈದ್‌ಗೆ ಇನ್ನೂ ಏಳು ತಿಂಗಳ ಮೇಲಿದೆ, ಆದರೆ ಬೇಸಿಗೆಯಲ್ಲೇ ಮಾಡಿ ಡಬ್ಬಿಗೆ ತುಂಬದಿದ್ದರೆ ಅಮ್ಮಿಗೆ ನಿದ್ದೆ ಬರುವುದಿಲ್ಲ. ಅತ್ತೆಯಾದರೂ ಅಮ್ಮಿ ಅಂತಲೇ ಕರೆಯಬೇಕು, ಅದು ಅವರ ಕಾನೂನು. ಕಾಗೆ ಓಡಿಸುವುದು ನನ್ನ ಪಾಲಿನ ಕೆಲಸ.

ಮಧ್ಯಾಹ್ನ ಮೇಲಿನ ಮನೆಯ ಸುಖಿ ಹೊರಗೆ ಬಂದಳು. ಅವಳ ಮುಖ ನೋಡಿ ಎಷ್ಟೋ ದಿನ ಆಗಿತ್ತು. ಕೊರಿಯಾದವಳು. ಗಂಡ ಕಾಂಗ್, ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ಕೂರಿಸಲು ಬಂದ ಇಂಜಿನಿಯರ್. ಸಂಕ್ರಾಂತಿ ಆದ ಮೇಲೆ ನಮ್ಮ ಮನೆಗೆ ಬಾಡಿಗೆಗೆ ಬಂದರು. ಅವಳ ಹೆಸರು ಸುಕ್ ಹೀ. ಅಮ್ಮಿ ಬಾಯಲ್ಲಿ ಸುಖಿ ಆಯಿತು. ಈಗ ಬಸುರಿ, ಸುಖ ಮಾತ್ರ ಇಲ್ಲ. ಏನು ತಿಂದರೂ ವಾಂತಿ. ಅನ್ನದ ಹಬೆ ಮೂಗಿಗೆ ಬಡಿದರೂ ಸಾಕು.

ಶಾವಿಗೆ ಎಳೆ ಮುಟ್ಟಿ "ಗುಕ್ಸು" ಅಂದಳು. ಮತ್ತೆ ಇನ್ನೊಂದು ಸಲ. ಆಮೇಲೆ ಅಲ್ಲೇ ಕೂತು ಅತ್ತಳು. ನಾನು ಕಾಗೆ ಕೋಲು ಹಿಡಿದು ಪೆದ್ದಿಯ ಹಾಗೆ ನಿಂತಿದ್ದೆ.

30 ಮಾರ್ಚ್

ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಕ್ಲಾಸಿನವು. ಗುಕ್ಸು ಅಂದರೆ ನೂಡಲ್ ಅಂದಳು. ಕೋಲ್ಡ್ ಅಂದಳು. ಹಾಟ್ ಅಂತಲೂ ಅಂದಳು. ಎರಡರಲ್ಲಿ ಯಾವುದು ಅಂದರೆ ಎರಡೂ ಅಂತೆ. ನಾಲಿಗೆ ಹೊರಗೆ ಚಾಚಿ ಗಾಳಿ ಹಾಕಿಕೊಂಡು ತೋರಿಸಿದ ಮೇಲೆ ತಿಳಿಯಿತು — ಹಾಟ್ ಅಂದರೆ ಖಾರ. ತಣ್ಣಗಿರಬೇಕು, ಕೆಂಪಗಿರಬೇಕು, ಖಾರ ಇರಬೇಕು, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಅವಳ ತಾಯಿ ಮಾಡುತ್ತಿದ್ದರಂತೆ. ತಾಯಿ ಈಗಿಲ್ಲ.

ಹೀಗೇ ಆದರೆ ಊರಿಗೆ ಕಳಿಸುತ್ತೇನೆ ಅನ್ನುತ್ತಿದ್ದಾನಂತೆ ಗಂಡ. ಅಲ್ಲಿ ಯಾರಿದ್ದಾರೆ? ಅಣ್ಣ, ಅತ್ತಿಗೆ. ಅತ್ತಿಗೆ ಅನ್ನುವಾಗ ಅವಳು ಮಾಡಿದ ಮುಖಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. "ನೋ ಗೋ" ಅಂತ ನನ್ನ ಕೈ ಹಿಡಿದಳು.

ನನಗೂ ಅವಳು ಹೋಗುವುದು ಬೇಡ. ಕುಣಿಗಲ್‌ನಲ್ಲಿ ನನಗೆ ಬೀದಿ ತುಂಬಾ ಗೆಳತಿಯರಿದ್ದರು. ಮರಳೂರಿಗೆ ಮದುವೆಯಾಗಿ ಬಂದ ಮೇಲೆ ಸಿಕ್ಕವಳು ಇವಳೊಬ್ಬಳೇ, ಅದೂ ಮಾತು ಬಾರದವಳು.

2 ಏಪ್ರಿಲ್, ಶುಕ್ರವಾರ

ಮಾಡಿದೆ. ಮಾಡಿ ಕೆಡಿಸಿದೆ... ನಾನಲ್ಲ, ಅಮ್ಮಿ.

ಮೊದಲು ಪ್ಯಾಕೆಟ್ ಶಾವಿಗೆ ಬೇಯಿಸಿದೆ. ಅದು ಮುದ್ದೆಯಾಯಿತು, ಬೆಕ್ಕಿಗೆ ಹಾಕಿದೆ. ಆಮೇಲೆ ಟೆರೇಸಿನಿಂದ ಮನೆಯ ಶಾವಿಗೆ ಒಂದು ಹಿಡಿ ತಂದೆ, ಅಮ್ಮಿಗೆ ಹೇಳದೆ. ಸುಖಿ ಊರಿನಿಂದ ತಂದ ಕೆಂಪು ಪೇಸ್ಟು ಡಬ್ಬಿಯ ತಳದಲ್ಲಿ ಒಂದು ಚಮಚ ಉಳಿದಿತ್ತು. ಅದಕ್ಕೆ ಬ್ಯಾಡಗಿ ಪುಡಿ, ಬೆಲ್ಲ, ವಿನಿಗರ್, ಹುರಿದು ಕುಟ್ಟಿದ ಎಳ್ಳು. ಸೋಯಾ ಸಾಸ್ ತಂದದ್ದು ನಮ್ಮವರು, ಅರ್ಫಾತ್ — ಶಿರಾ ಗೇಟ್‌ನಲ್ಲಿ ಅವರ ಎಲೆಕ್ಟ್ರಿಕಲ್ ಅಂಗಡಿ, ಎದುರಿಗೇ ಗೋಬಿ ಗಾಡಿ. ಗಾಡಿಯವನು ಏನಕ್ಕೆ ಸಾರ್ ಅಂತ ಕೇಳಿದ್ದಕ್ಕೆ ಹೇಳಲು ನಾಚಿಕೆಯಾಯಿತಂತೆ.

ಬೆಂದ ಶಾವಿಗೆಯನ್ನು ಫ್ರಿಜ್ ನೀರಿನಲ್ಲಿ ತೊಳೆದೆ. ಕಲಸಿದೆ. ಮೇಲೆ ಸೌತೆಕಾಯಿ. ಬಣ್ಣ ನೋಡಿಯೇ ಬಾಯಲ್ಲಿ ನೀರು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಸುಖಿಯನ್ನು ಎಬ್ಬಿಸಿ ಕೂರಿಸಲು ಮೇಲೆ ಹೋದೆ.

ಹಿಂದೆಯೇ ಅಮ್ಮಿ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು, ಮೊಣಕಾಲು ನೋವಿದ್ದರೂ. ತಟ್ಟೆಯಿಂದ ಹೊಗೆ. ತುಪ್ಪ ಹಾಕಿ ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿದ್ದಾರೆ! ತುಪ್ಪದ ವಾಸನೆಗೆ ಸುಖಿ ಬಾತ್‌ರೂಮಿಗೆ ಓಡಿದಳು. ಆಮೇಲೆ ಒಂದು ಗುಟುಕು ನೀರೂ ನಿಲ್ಲಲಿಲ್ಲ.

ಕೆಳಗೆ ಬಂದು ರೇಗಿದೆ. ಯಾಕೆ ಬಿಸಿ ಮಾಡಿದಿರಿ ಅಂದೆ. ಮನೆಯಲ್ಲಿ ನಮ್ಮದು ಉರ್ದು, ಆದರೆ ಅಮ್ಮಿಗೆ ನಿಜವಾದ ಕೋಪ ಬಂದರೆ ಅವರ ತವರೂರು ಕಡಬದ ಕನ್ನಡವೇ ಹೊರಡುತ್ತದೆ.

"ನಮ್ಮನೇಗ್ ಬಂದೋಳ್ಗೆ ತಂಗಳು ಹಾಕ್ತೀಯೇನೇ? ನಾಯಿಗ್ ಹಾಕೋ ಹಂಗೆ?"

ತಂಗಳಲ್ಲ, ಈಗ ತಾನೇ ಮಾಡಿದ್ದು ಅಂದೆ. ಕೇಳಿಸಿಕೊಳ್ಳಲಿಲ್ಲ. ತಣ್ಣಗಿದ್ದದ್ದೆಲ್ಲ ಅವರಿಗೆ ತಂಗಳೇ.

ಸಂಜೆ ಕಾಂಗ್ ಕೆಳಗೆ ಬಂದು ಅರ್ಫಾತ್ ಹತ್ತಿರ ಮಾತಾಡಿದ. ಹತ್ತನೇ ತಾರೀಖಿಗೆ ಟಿಕೆಟ್.

3 ಏಪ್ರಿಲ್

ಅಮ್ಮಿ ಜೊತೆ ಮಾತಿಲ್ಲ. ಅವರೂ ಆಡುತ್ತಿಲ್ಲ.

ಅರ್ಫಾತ್ ಒಂದು ವಿಷಯ ಹೇಳಿದರು. ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಅಮ್ಮಿ ಚಿಕ್ಕವರಿದ್ದಾಗಲೇ ತಾಯಿ ತೀರಿಹೋಗಿ, ಕಡಬದ ಕೆರೆ ಹತ್ತಿರ ಚಾಚಾನ ಮನೆಯಲ್ಲಿ ಬೆಳೆದವರು. ಆ ಮನೆಯ ಮಕ್ಕಳಿಗೆ ಬಿಸಿ ಮುದ್ದೆ. ಅಮ್ಮಿಗೆ ಹಿಂದಿನ ದಿನದ್ದು, ಮೂಲೆಯಲ್ಲಿ, ಬೇರೆ ತಟ್ಟೆಯಲ್ಲಿ. ಮದುವೆಯಾಗಿ ಬಂದ ದಿನದಿಂದ ಇವತ್ತಿನವರೆಗೆ ತಣ್ಣಗಿನದು ಬಾಯಿಗೆ ಹಾಕಿಲ್ಲವಂತೆ. ಮಜ್ಜಿಗೆಯನ್ನೂ ಬೆಚ್ಚಗೆ ಮಾಡಿ ಕುಡಿಯುತ್ತಾರೆ ಅಂತ ನಾನು ನಕ್ಕಿದ್ದೆ ಎಷ್ಟೋ ಸಲ.

ಸಿಟ್ಟು ಇಳಿದುಹೋಯಿತು. ಆದರೆ ಟಿಕೆಟ್ ಟಿಕೆಟ್ಟೇ. ಕಾಂಗ್ ಸುಖಿಗೆ ಡ್ರಿಪ್ ಹಾಕಿಸಿಕೊಂಡು ಬಂದ.

6 ಏಪ್ರಿಲ್, ಮಂಗಳವಾರ, ಸಂಜೆ

ಕೈ ಇನ್ನೂ ಕೆಂಪಗಿದೆ, ಉರಿಯುತ್ತಿದೆ. ಆದರೂ ಬರೆಯಬೇಕು.

ಬೆಳಿಗ್ಗೆ ಪಕ್ಕದ ಮನೆಯ ಚಿಕ್ಕಗಂಗಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದರು. ಅವರು, ಅಮ್ಮಿ ಕೂತರೆ ಏಳುವವರಲ್ಲ. ಅಮ್ಮಿ ದೂರು ಹೇಳಿದರು — ಸೊಸೆ ಹೀಗೆ ಮಾಡಿದಳು, ಪರದೇಶದ ಹುಡುಗಿಗೆ ತಣ್ಣಗಿನದು ಕೊಡಲು ಹೊರಟಿದ್ದಳು, ಅದೂ ಬಸುರಿಗೆ. ಚಿಕ್ಕಗಂಗಮ್ಮ ನನ್ನ ಕಡೆ ತಿರುಗಿ, ಅವಳೇ ಕೇಳಿದ್ದಾ ಅಂದರು. ಹೌದು, ಅತ್ತುಕೊಂಡು ಕೇಳಿದ್ದು ಅಂದೆ. ಅವರು ಅಮ್ಮಿಯ ಕಡೆ ತಿರುಗಿದರು.

"ಹಂಗಾದ್ರೆ ತಂಗ್ಳಲ್ಲ ಕಣ್ ಹಜರಾ ಬೀ, ಬಯಕೆ ಅದು. ಬಸುರಿ ಬಯಕೆ ತೀರಿಸ್ದೆ ಕಳ್ಸಿದ್ರೆ ಮಗೀನ್ ಕಿವಿ ಸೋರ್ತದೆ."

ಬಯಕೆ ಅನ್ನುವ ಮಾತು ಯಾರೂ ಅಮ್ಮಿಗೆ ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲವಲ್ಲ!

ಅಮ್ಮಿ ಎದ್ದು ಹೋಗಿ ಈದ್ ಶಾವಿಗೆ ಡಬ್ಬಿ ಇಳಿಸಿಕೊಂಡರು. ನಾವು ಯಾರಾದರೂ ಮುಟ್ಟಿದರೆ ಕೈ ಮುರಿಯುವ ಡಬ್ಬಿ. ಕರೆಂಟ್ ಇರಲಿಲ್ಲ, ಫ್ರಿಜ್ ನೀರು ಬೆಚ್ಚಗೆ. ಮರಳಿನ ಮೇಲಿಟ್ಟ ಮಡಕೆಯ ನೀರು ತರಿಸಿದರು. ಬೆರಳು ಅದ್ದಿ ನೋಡಿ, ಇದೇನು ತಣ್ಣಗಾ ಅಂತ ನನಗೇ ಬೈದು, ಚಿಕ್ಕಗಂಗಮ್ಮನ ಮನೆಯ ಮಡಕೆಯನ್ನೂ ತರಿಸಿದರು.

ಸುಖಿ ಗೋಡೆ ಹಿಡಿದುಕೊಂಡು ಇಳಿದು ಬಂದಳು. ನಾನು ತೊಳೆಯುವುದು ನೋಡಿ ತಲೆ ಅಲ್ಲಾಡಿಸಿ, ತಾನೇ ಕುಕ್ಕರಗಾಲಲ್ಲಿ ಕೂತಳು. ಶಾವಿಗೆಯನ್ನು ನೀರಲ್ಲಿ ಬಟ್ಟೆ ಒಗೆದ ಹಾಗೆ ತಿಕ್ಕಬೇಕು. ಗಂಜಿಯೆಲ್ಲ ಬಿಟ್ಟು ನೀರು ತಿಳಿಯಾಗುವವರೆಗೆ. ಮೊನ್ನೆ ನಾನು ಸುಮ್ಮನೆ ಅದ್ದಿ ತೆಗೆದಿದ್ದೆ. ಅವಳಿಗೆ ಸುಸ್ತಾಯಿತು. ಅಮ್ಮಿ ಅವಳ ಕೈಯಿಂದ ತೆಗೆದುಕೊಂಡು ತಿಕ್ಕಿದರು. ಕಲಸಿದ್ದು ನಾನು, ಬರಿಗೈಯಲ್ಲಿ.

ತಿಂದಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡಳು. ಅಮ್ಮಿ ವಾಂತಿಗೆ ಅಂತ ಬೋಸಿ ಹಿಡಿದು ಪಕ್ಕದಲ್ಲೇ ಕೂತಿದ್ದರು. ಬೋಸಿ ಬೇಕಾಗಲಿಲ್ಲ. ತಟ್ಟೆ ಬಳಿದು, ಬೆರಳು ನೆಕ್ಕಿ, ಇನ್ನೂ ಇದೆಯಾ ಅನ್ನುವ ಹಾಗೆ ನೋಡಿದಳು. ನನಗೆ ಅಳು ಬಂತು. ಖಾರ ಅಂತ ಸುಳ್ಳು ಹೇಳಿದೆ.

ಎರಡನೇ ತಟ್ಟೆಯಿಂದ ಒಂದು ತುತ್ತು ಅಮ್ಮಿ ಬಾಯಿಗೆ ಹಿಡಿದಳು. ಅಮ್ಮಿ ಮುಖ ಹಿಂದಕ್ಕೆಳೆದು, ನಂಗ್ ಬ್ಯಾಡ ತಾಯಿ, ನೀನ್ ತಿನ್ನು ಅಂದರು.

9 ಏಪ್ರಿಲ್

ದಿನವೂ ಅದೇ ಊಟ. ಪೇಸ್ಟು ಮುಗಿಯಿತು, ಬರೀ ಬ್ಯಾಡಗಿಯಲ್ಲೂ ನಡೆಯುತ್ತಿದೆ. ಕಾಂಗ್ ಇವತ್ತು ಅಡುಗೆಮನೆ ಬಾಗಿಲಲ್ಲಿ ನಿಂತೇ ಒಂದು ತಟ್ಟೆ ಹೊಡೆದ. ಟಿಕೆಟ್ ಕ್ಯಾನ್ಸಲ್.

20 ಜೂನ್

ಬರೆಯಲು ಪುರುಸೊತ್ತಿಲ್ಲ. ಸುಖಿ ಈಗ ಮುದ್ದೆಯನ್ನೂ ಅಗಿದು ತಿನ್ನುತ್ತಾಳೆ. ನುಂಗು ಅಂದರೆ ಕೇಳಲ್ಲ. ಈದ್ ಡಬ್ಬಿ ಖಾಲಿ. ಅಮ್ಮಿ ಯಾರ ಕೈಯನ್ನೂ ಮುರಿದಿಲ್ಲ.

16 ನವೆಂಬರ್

ಹಬ್ಬ ಮುಗಿಯಿತು. ಶೀರ್ ಖುರ್ಮಾ ಪಾಯಸಕ್ಕೆ ಪ್ಯಾಕೆಟ್ ಶಾವಿಗೆ. ಬಂದವರೆಲ್ಲ ಕೇಳಿದರು, ಏನಾಯ್ತು ನಿಮ್ಮ ಕೈಶಾವಿಗೆ ಅಂತ. ಅಮ್ಮಿ ಮೇಲಕ್ಕೆ ಬೆರಳು ತೋರಿಸಿದರು. ಅಲ್ಲಾಹನ ಇಚ್ಛೆ ಅಂದುಕೊಂಡರು ಅವರು. ಅಮ್ಮಿ ತೋರಿಸಿದ್ದು ಮೇಲಿನ ಮನೆ.

18 ನವೆಂಬರ್, ಗುರುವಾರ

ಹೆಣ್ಣು ಮಗು! ನಿನ್ನೆ ಸಂಜೆ, ನರ್ಸಿಂಗ್ ಹೋಂನಲ್ಲಿ. ತಲೆ ತುಂಬಾ ಕೂದಲು.

ಬೆಳಿಗ್ಗೆ ಅಮ್ಮಿ, ನಾನು ಹೋದೆವು. ಸುಖಿಗೆ ಇಷ್ಟ ಅಂತ ನಾನು ಪ್ಯಾಕೆಟ್ ಶಾವಿಗೆಯನ್ನೇ ಮುದ್ದೆಯಾಗದ ಹಾಗೆ ಬೇಯಿಸಿ, ತಣ್ಣಗೆ ಕಲಸಿ ಡಬ್ಬಿಯಲ್ಲಿ ಒಯ್ದಿದ್ದೆ. ಅಮ್ಮಿ ಅದನ್ನು ನೋಡಿ ತಮ್ಮ ಚೀಲವನ್ನು ಬಗಲಿಗೆ ಒತ್ತಿಕೊಂಡರು. ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ.

ಅಮ್ಮಿ ಮಗುವಿನ ಮುಖ ಆಮೇಲೆ ನೋಡಿದರು. ಮೊದಲು ಕಿವಿ. ಆ ಕಡೆ, ಈ ಕಡೆ, ಸೆರಗಿನ ತುದಿಯಿಂದ ಮುಟ್ಟಿ. ಒಣಗಿದೆ ಅಂತ ತಮಗೆ ತಾವೇ ಹೇಳಿಕೊಂಡರು.

ನಾನು ಡಬ್ಬಿ ತೆಗೆದೆ. ಸುಖಿ ನನ್ನ ಕೆನ್ನೆ ಮುಟ್ಟಿದಳು. ಬೇಡ ಅಂತ ತಲೆ ಅಲ್ಲಾಡಿಸಿದಳು. ಈಗ ಕೋಲ್ಡ್ ತಿನ್ನಬಾರದಂತೆ, ಹೆತ್ತವರಿಗೆ ಬಿಸಿಯೇ ಆಗಬೇಕಂತೆ, ಅವಳ ತಾಯಿ ಹೇಳುತ್ತಿದ್ದರಂತೆ. ಅಮ್ಮಿಗೆ ಹೇಳಿದೆ. ಅವರು ಚೀಲದಿಂದ ಫ್ಲಾಸ್ಕ್ ತೆಗೆದರು. ಮೇಕೆ ಕಾಲಿನ ಸೂಪು, ಹೊಗೆಯಾಡುತ್ತಿತ್ತು.

"ಅವ್ರಮ್ಮ ತಿಳ್ದೋರು. ಬಾಣಂತಿಗ್ ಯಾವಳಾದ್ರೂ ತಣ್ಣಗಿಂದ್ ತತ್ತಾಳಾ?"

ನಾನೇ ಆ ಯಾವಳು. ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಅಮ್ಮಿ ಬಂದು ಪಕ್ಕದಲ್ಲಿ ಕೂತರು. ಡಬ್ಬಿಯನ್ನು ನನ್ನ ಮಡಿಲಿನಿಂದ ಎತ್ತಿಕೊಂಡರು. ಅನ್ನ ಬಿಸಾಕಬಾರದು ಅಂತ ಗೊಣಗುತ್ತಾ ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಇನ್ನೊಂದು. ಮತ್ತೊಂದು. ನಾನು ಅವರ ಕಡೆ ನೋಡಲಿಲ್ಲ, ನೋಡಿದರೆ ನಿಲ್ಲಿಸಿಬಿಡುತ್ತಾರೆ. ಡಬ್ಬಿ ಮುಚ್ಚಳದಲ್ಲಿ ಅಂಟಿದ್ದನ್ನೂ ಬೆರಳಲ್ಲಿ ತೆಗೆದರು.

"ತಂಗ್ಳು ಹಿಂಗಿರಲ್ಲ ಕಣೇ ಅಂಬ್ರೀನ್," ಅಂದರು.

ಖಾಲಿ ಡಬ್ಬಿಯನ್ನು ಮನೆಯವರೆಗೂ ಅವರೇ ಹಿಡಿದುಕೊಂಡು ಬಂದರು.

ಈಗ ಟೆರೇಸಿನಲ್ಲಿ ಕೂತು ಬರೆಯುತ್ತಿದ್ದರೆ ಅಮ್ಮಿ ಕೆಳಗಿನಿಂದ ಕೂಗುತ್ತಿದ್ದಾರೆ. ನಾಳೆ ಶಾವಿಗೆ ತೊಳೆಯಲು ಮಡಕೆಗೆ ನೀರು ತುಂಬಿಸಿಟ್ಟೆಯಾ ಅಂತ. ಯಾರಿಗೆ ಅಮ್ಮಿ ಅಂದೆ, ಬೇಕಂತಲೇ. ಮಡಕೆ ಎಳೆಯುವ ಸದ್ದು... ತಾವೇ ಎತ್ತಲು ಹೊರಟಿದ್ದಾರೆ, ಆ ಮೊಣಕಾಲಲ್ಲಿ —