ಈಥರನ್ನು ಅಂಟೆಂದು ತಿದ್ದಿದ್ದು

ಜುಲೈ ೯, ಬುಧವಾರ

ಬಂದರಿನ ಸುಂಕದ ಅಧಿಕಾರಿ ಹಟಮಾರಿಯೆಂದು ಮಗ ಊಟದ ವೇಳೆ ಹೇಳಿದ್ದು ಸರಿಯಲ್ಲ. ಅವರು ಕಾಗದದಲ್ಲಿದ್ದುದನ್ನು ಇದ್ದಂತೆಯೇ ಓದಿದರು. ಅಲ್ಲಿದ್ದದ್ದು ನನ್ನ ಪದ.

ಆಮದು ಸರಕಿನ ಕಾಗದಪತ್ರ ಸಿದ್ಧಪಡಿಸುವುದು ಸೊಸೆಯ ಉದ್ಯೋಗ. ಈ ಬಾರಿಯದು ಐಸ್‌ಕ್ರೀಮನ್ನು ಮಂದವಾಗಿಸುವ ಬಿಳಿಯ ಪುಡಿ. "ಕಾಗುಣಿತ ಮಾತ್ರ ನೋಡಿ ಅತ್ತೆ" ಎಂದು ಕೈಗಿತ್ತಿದ್ದಳು. 'ಸೆಲ್ಯುಲೋಸ್ ಈಥರ್' ಎಂದಿತ್ತು. ಈಥರ್ ಎಂದರೆ ಶಸ್ತ್ರಚಿಕಿತ್ಸೆಗೆ ಮುನ್ನ ಮೂಗಿಗೆ ಹಿಡಿಯುತ್ತಿದ್ದ ದ್ರವ; ಪುಡಿ ಹೇಗೆ ಈಥರ್ ಆದೀತು? ಮರದ ತಿರುಳಿನಿಂದ ಮಾಡುತ್ತಾರೆಂದು ಅವಳೇ ಹಿಂದೊಮ್ಮೆ ಹೇಳಿದ್ದಳಲ್ಲ! ಹೊಡೆದುಹಾಕಿ, 'ಸಸ್ಯಜನ್ಯ ಅಂಟು' ಎಂದು ಬರೆದೆ. "ಟೀಚರಮ್ಮ ತಿದ್ದಿದ್ಮೇಲೆ ಇನ್ನೇನು ನೋಡೋದು" ಎಂದು ನಕ್ಕು, ಅವಳು ಹಾಗೆಯೇ ಕಳುಹಿಸಿದಳು.

ಸುಂಕದ ಪಟ್ಟಿಯಲ್ಲಿ ಗಿಡದ ಅಂಟಿಗೆ ಒಂದು ಶೀರ್ಷಿಕೆ, ರಾಸಾಯನಿಕವಾಗಿ ಮಾರ್ಪಡಿಸಿದ ಸೆಲ್ಯುಲೋಸಿಗೆ ಬೇರೆಯೇ ಶೀರ್ಷಿಕೆಯಂತೆ. ಪ್ರಯೋಗಾಲಯದಲ್ಲಿ ಪುಡಿ ಸೆಲ್ಯುಲೋಸ್ ಈಥರೇ, ಅಂದರೆ ಆ ಎರಡನೆಯದೇ, ಎಂದು ತಿಳಿಯಿತು. ಸುಳ್ಳು ಘೋಷಣೆಯೆಂದು ಸರಕನ್ನು ತಡೆಹಿಡಿದಿದ್ದಾರೆ.

ಸಂಜೆ ಅವಳ ಮಾಲೀಕರು ಫೋನಿನಲ್ಲಿ ಕೂಗಾಡಿದ್ದು ನಮಗೆಲ್ಲ ಕೇಳಿಸಿತು. "ಐದನೇ ಕ್ಲಾಸಿನ ಮಕ್ಕಳೂ ಹೀಗೆ ಬರೆಯಲ್ಲಮ್ಮ! ನಾಳೆಯಿಂದ ನೀವು ಬರೋದೇ ಬೇಡ."

ಸೊಸೆ ನನ್ನತ್ತ ನೋಡಲಿಲ್ಲ. "ತಪ್ಪು ನಂದೇ ಸರ್" ಎಂದಳು.

ಆ ಗಳಿಗೆಯಲ್ಲೂ ನನ್ನ ಮನಸ್ಸು 'ನಂದೇ ಅಲ್ಲ, ನನ್ನದೇ' ಎಂದು ಅವಳನ್ನು ತಿದ್ದಿತು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ವ್ಯಾಕರಣವೂ ಸರಿಯಾಗುತ್ತಿತ್ತು, ಸತ್ಯವೂ. ಹೇಳಲಿಲ್ಲ.

ಆಗ ಕೋಣೆಯಲ್ಲಿದ್ದವರು ಸೊಸೆ, ಮಗ, ಕೊಡೆ ವಾಪಸು ಕೊಡಲು ಬಂದಿದ್ದ ಪಕ್ಕದ ಮನೆಯಾಕೆ, ಮತ್ತು ನಾನು. ಆ ಪದ ಯಾರದೆಂದು ಗೊತ್ತಿದ್ದದ್ದು ಸೊಸೆಗೆ ಮತ್ತು ನನಗೆ ಮಾತ್ರ.