ಬಾಣಂತಿ ಲೇಹ್ಯ

ಕಳವಾ, ಗುರುವಾರ

ಪ್ರೀತಿಯ ಅತ್ತೆಯವರಿಗೆ,

ಮಾನಸಿ ಉಳಿದಳು! ರಕ್ತಸ್ರಾವ ನಿಂತಿದೆ, ಇವತ್ತು ಐಸಿಯುನಿಂದ ವಾರ್ಡಿಗೆ ತಂದರು. ನನ್ನನ್ನು ಕಂಡವಳೇ, "ಆ ಗಡ್ಡ ಒಮ್ಮೆ ತೆಗೀರಿ ಮಾರಾಯ್ರೆ, ಕಳ್ಳನ ಹಾಗೆ ಕಾಣ್ತೀರಿ" ಎಂದಳು. ನಾನು ನರ್ಸಿನ ಎದುರೇ ಜೋರಾಗಿ ನಕ್ಕುಬಿಟ್ಟೆ.

ಫೋನಿನಲ್ಲಿ ಇಬ್ಬರೂ ಅಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. "ಮಗುವೇ ಇಲ್ಲ, ಇನ್ನು ಲೇಹ್ಯ ಯಾರಿಗೆ?" ಎಂದು ಕೇಳಿದ್ದಿರಿ. ಚೆಲ್ಲಬೇಡಿ, ತನ್ನಿ. ಹೆತ್ತವಳು ಬಾಣಂತಿಯೇ, ಎದೆಹಾಲೂ ಬಂದಿದೆ. ಬಾಣಂತಿ ಸ್ನಾನಕ್ಕೆ ನಮ್ಮ ಪುಟ್ಟ ಬಾತ್‌ರೂಮಿಗೆ ಹಿಡಿಸುವ ಹಂಡೆಯೂ ಸಿಕ್ಕಿದೆ!

ಉಸಿರಿಲ್ಲದೆ ಹುಟ್ಟಿದ ಮಗಳನ್ನು ಎತ್ತಿಕೊಂಡವನು ನಾನೊಬ್ಬನೇ. ಯಾರ ಹಾಗಿದ್ದಳು ಎಂದು ಮಾನಸಿ ಕೇಳಿದಳು. "ಗದ್ದದ ಕುಳಿ ನಿನ್ನ ಅಮ್ಮನದೇ" ಎಂದೆ.

ಠಾಣೆ ರೈಲ್ವೆ ಸ್ಟೇಷನ್ನಿಗೆ ನಾನು ಬರುತ್ತೇನೆ. ವಾರ್ಡಿನಲ್ಲಿ ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಳ್ಳಬೇಡಿ. ಅವಳಿಗೆ ನಿಮ್ಮ ಗದ್ದ ನೋಡಬೇಕಂತೆ.

ನಿಮ್ಮ ಅಳಿಯ,
ವಸಂತಕುಮಾರ